ಬಾಕ್ಸ್ ಇಳಿಸುವ ಮುನ್ನ

‘ಗೇರ್ ಬೀಳವಲ್ದು’ ಅಂದ ಕೂಡಲೇ ‘ಬಾಕ್ಸ್ ಇಳಸೂಣು’ ಎನ್ನುವ ಮಿಸ್ತ್ರಿಯ ಹತ್ತಿರ ಹಳೆಯ ಜೀಪು ಬಿಡಬೇಡಿ. ಆಲಮೇಲ, ದೇವಣಗಾಂವ ಕಡೆಯ ಎರಿ ಹೊಲಗಳಲ್ಲಿ ದುಡಿದ ಮಹೀಂದ್ರಾ ಜೀಪುಗಳ ಗೇರಿನ ತಕರಾರು ಬಹಳ ಸಲ ಬಾಕ್ಸಿನ ಹೊರಗೇ ಇರುತ್ತದೆ.

ಮೊದಲು ಇಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿ, ಎಲ್ಲ ಗೇರು ಹಾಕಿ ತೆಗೆದು ನೋಡಿ. ಸಲೀಸಾಗಿ ಬಿದ್ದು, ಇಂಜಿನ್ ಚಾಲೂ ಮಾಡಿದ ಮೇಲೆ ಮಾತ್ರ ಕರ್ರ್ ಎಂದರೆ ಮೊದಲ ಅನುಮಾನ ಕ್ಲಚ್ಚಿನ ಮೇಲೆ. ಇನ್ನೊಂದು ಪರೀಕ್ಷೆಯೂ ಇದೆ. ಪೆಡಲ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಅಷ್ಟು ಹೊತ್ತು ಕಾದರೂ ಹಲ್ಲು ಉಜ್ಜಿದರೆ ಕ್ಲಚ್ ಪ್ಲೇಟು ಫ್ಲೈವೀಲ್ ಬಿಟ್ಟಿಲ್ಲ, ಒಳಗಿನ ಶಾಫ್ಟು ಇನ್ನೂ ತಿರುಗುತ್ತಿದೆ ಎಂದೇ ಲೆಕ್ಕ.

ಯಾಕೆ ಬಿಟ್ಟಿಲ್ಲ ಎನ್ನುವುದಕ್ಕೆ ನಮ್ಮ ಮಣ್ಣನ್ನೇ ನೋಡಬೇಕು. ಉತ್ತರಿ, ಹಸ್ತ ಮಳೆ ಹಿಡಿದಾಗ ಎರಿ ರಾಡಿ ಜೀಪಿನ ಹೊಟ್ಟೆಯ ಅಡಿಗೆ ಮೆತ್ತಿಕೊಂಡು, ಬಿಸಿಲಿಗೆ ಕಲ್ಲಾಗುತ್ತದೆ. ಕ್ಲಚ್ಚಿನ ಕಡ್ಡಿ, ಪಿನ್ನುಗಳ ಸಂದಿನಲ್ಲಿ ಕೂತ ಆ ಮಣ್ಣು ವರ್ಷಗಟ್ಟಲೆ ಅರೆಯುತ್ತದೆ. ಪಿನ್ ಸವೆದು ತೂತು ಅಗಲವಾದರೆ ಪೆಡಲಿನ ಅರ್ಧ ದಾರಿ ಆ ಸಡಿಲದಲ್ಲೇ ಕಳೆದುಹೋಗುತ್ತದೆ. ಹೊಸ ಪಿನ್ನು, ಗ್ರೀಸು, ಪೆಡಲಿಗೆ ಸುಮಾರು ಒಂದು ಇಂಚು ಖಾಲಿ ಆಟ: ಇಷ್ಟರಲ್ಲೇ ಎಷ್ಟೋ ಜೀಪುಗಳ ರೋಗ ವಾಸಿಯಾಗುತ್ತದೆ. ಬಹಳ ದಿನ ನಿಂತ ಗಾಡಿಯಾದರೆ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರಬಹುದು, ಅದನ್ನೂ ಮರೆಯಬಾರದು.

ಆಮೇಲೆ ಎಣ್ಣೆ. ಅಂಗಡಿಯಲ್ಲಿ ‘ಗೇರ್ ಆಯಿಲ್ 90’ ಎಂದಷ್ಟೇ ಕೇಳಿದರೆ ಸಾಲದು, ಡಬ್ಬಿಯ ಮೇಲೆ ಜಿಎಲ್-4 ಎಂದು ಬರೆದಿದೆಯೇ ಓದಬೇಕು. ಜಿಎಲ್-5 ಡಿಫರೆನ್ಷಿಯಲ್ಲಿಗೆ ಒಳ್ಳೆಯದು. ಆದರೆ ಅದರಲ್ಲಿರುವ ಗಂಧಕ-ರಂಜಕದ ಅಂಶ ಕೆಲವು ಎಣ್ಣೆಗಳಲ್ಲಿ ಸಿಂಕ್ರೊದ, ಅಂದರೆ ಗೇರು ಬೀಳುವ ಮುನ್ನ ವೇಗ ಹೊಂದಿಸುವ ಭಾಗದ, ಹಿತ್ತಾಳೆ ಉಂಗುರಗಳನ್ನು ತಿನ್ನುತ್ತದೆ. ಮೂರು ಗೇರಿನ ಟಿ-90 ಬಾಕ್ಸು ಇರುವ ಜೀಪಿನಲ್ಲಿ ಇನ್ನೊಂದು ಸಂಗತಿ: ಗೇರ್ ಬಾಕ್ಸಿನ ಎಣ್ಣೆ ಹಿಂದಿನ ಟ್ರಾನ್ಸ್‌ಫರ್ ಕೇಸಿಗೆ ಮೆಲ್ಲಗೆ ಹರಿದು ಹೋಗುತ್ತದೆ. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಎರಡರ ಮಟ್ಟವನ್ನೂ ಒಟ್ಟಿಗೇ ನೋಡಬೇಕು. ಭೀಮೆಯ ಪ್ರವಾಹದ ನೀರಿಗಿಳಿದು ಬಂದ ಜೀಪಾದರೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯೇ ನೋಡಿ. ತಿರುಗಿದ್ದರೆ ಅಂದೇ ಬದಲಿಸಿ.

ಟಿ-90ರ ಮೊದಲ ಗೇರಿಗೆ ಸಿಂಕ್ರೊ ಇಲ್ಲ. ಅದು ದೋಷವಲ್ಲ, ಮೂಲ ರಚನೆಯೇ ಹಾಗೆ. ಓಡುವಾಗ ಅದಕ್ಕೆ ಇಳಿಯಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸು, ಮತ್ತೆ ಕ್ಲಚ್ ಒತ್ತಿ ಗೇರು. ನಮ್ಮ ಹಳೆಯ ಡ್ರೈವರುಗಳು ಇದನ್ನು ಇಂಜಿನ್ನಿನ ದನಿ ಕೇಳಿಯೇ ಮಾಡುತ್ತಿದ್ದರು. ಆ ವಿದ್ಯೆ ಅವರ ಜೊತೆಗೇ ಹೋಗಬಾರದೆಂದು ನನ್ನ ಆಸೆ. ಹೊಸ ಹುಡುಗರು ಒಂದು ಮಧ್ಯಾಹ್ನ ಬಯಲಿನಲ್ಲಿ ಕೂತು ಕಲಿತರೆ ಗೇರಿನ ಹಲ್ಲುಗಳು ಇನ್ನೊಂದು ತಲೆಮಾರು ಬಾಳುತ್ತವೆ.

ಇಳಿಜಾರಿನಲ್ಲಿ ಎರಡನೇ ಗೇರು ತಾನಾಗಿ ಜಿಗಿದು ನ್ಯೂಟ್ರಲ್ಲಿಗೆ ಬರುವುದು ಮಾತ್ರ ನಿಜವಾಗಿ ಬಾಕ್ಸಿನ ರೋಗ. ಗೇರು ಕಡ್ಡಿಗೆ ಹಗ್ಗ ಬಿಗಿದು ಓಡಿಸುವವರಿದ್ದಾರೆ. ದಯವಿಟ್ಟು ಬೇಡ, ಅದರಿಂದ ಗೇರು ಸರಿಸುವ ಫೋರ್ಕು ಬೇಗ ಸವೆಯುತ್ತದೆ. ಈ ಬಾಕ್ಸನ್ನು ಮಾಡಿದವರ ಮೇಲೆ ನನಗೆ ಪ್ರೀತಿ ಹುಟ್ಟುವುದೇ ಇಲ್ಲಿ. ನೆಲದ ತಗಡು ಬಿಚ್ಚಿ ಮೇಲಿನ ಮುಚ್ಚಳ ತೆಗೆದರೆ ಫೋರ್ಕು, ರೇಲು, ಗುಂಡು, ಸ್ಪ್ರಿಂಗು ಎಲ್ಲವೂ ಅದರ ಜೊತೆಗೇ ಕೈಗೆ ಬರುತ್ತವೆ. ಗೇರನ್ನು ತನ್ನ ಜಾಗದಲ್ಲಿ ಹಿಡಿಯುವುದು ಆ ಪುಟ್ಟ ಗುಂಡು ಮತ್ತು ಸ್ಪ್ರಿಂಗು. ಸೋತ ಸ್ಪ್ರಿಂಗ್ ಬದಲಿಸಿ, ಬಾಕ್ಸನ್ನು ಬೆಲ್ ಹೌಸಿಂಗಿಗೆ ಹಿಡಿದ ಬೋಲ್ಟುಗಳನ್ನೂ ಬಿಗಿದು ನೋಡಿ. ಆಗಲೂ ಜಿಗಿದರೆ ಬೇರಿಂಗೋ ಸಿಂಕ್ರೊದ ಹಲ್ಲೋ ಸವೆದಿರುತ್ತದೆ. ಆಗ ಇಳಿಸಲೇಬೇಕು.

ಫೋರ್ ವೀಲ್ ಕಡ್ಡಿಯ ವಿಚಾರವೂ ಒಂದಿದೆ. ರಾಡಿಯಿಂದ ಡಾಂಬರಿಗೆ ಹತ್ತಿದ ಮೇಲೂ ಫೋರ್ ವೀಲಿನಲ್ಲೇ ಓಡಿಸಿದರೆ ಮುಂದಿನ ಹಿಂದಿನ ಶಾಫ್ಟುಗಳ ನಡುವೆ ಬಿಗುವು ಕೂತು ಕಡ್ಡಿ ಹೊರಗೆ ಬರುವುದಿಲ್ಲ. ರಾಡಿಯಲ್ಲಾದರೆ ಗಾಲಿ ಜಾರಿ ಆ ಬಿಗುವು ತಾನೇ ಸಡಿಲಾಗುತ್ತದೆ, ಡಾಂಬರಿನಲ್ಲಿ ಜಾರಲು ಎಡೆಯಿಲ್ಲ. ಸುತ್ತಿಗೆ ಹಿಡಿಯಬೇಡಿ. ನಾಲ್ಕಾರು ಮಾರು ಹಿಂದಕ್ಕೆ ನಡೆಸಿ, ಕಡ್ಡಿ ಬಿಡಿಸಿ. ಪದೇ ಪದೇ ಹೀಗಾದರೆ ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದ್ದೀರಾ ಎಂದು ಅಳೆದು ನೋಡಿ.