ಪ್ರೇರಣೆ, ಆಹಾರವರ್ತನೆ ಮತ್ತು ತೂಕದ ಸ್ಥಿರತೆ: ಕೆಲವು ಸಂಶೋಧನೆಗಳ ವಿಮರ್ಶೆ

ದೇಹದ ತೂಕವನ್ನು ಇಳಿಸುವುದು ಒಂದು ಕಾರ್ಯ. ಇಳಿದ ತೂಕವು ವರ್ಷಾನುಗಟ್ಟಲೆ ಮತ್ತೆ ಏರದಂತೆ ನೋಡಿಕೊಳ್ಳುವುದು ಬೇರೊಂದು ಕಾರ್ಯ. ಮೊದಲನೆಯದು ಅನೇಕರಿಗೆ ಸಾಧ್ಯವಾಗಿದೆ. ಎರಡನೆಯದು ಕೆಲವರಿಗೆ ಮಾತ್ರ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ 'ಮನಸ್ಸು ಗಟ್ಟಿಯಿಲ್ಲ' ಎಂಬುದು. ಮನಶ್ಶಾಸ್ತ್ರದ ಗ್ರಂಥಗಳಲ್ಲಿಯೂ ಇದೇ ಉತ್ತರವು ಹಲವು ವೇಳೆ 'ಪ್ರೇರಣೆಯ ಕೊರತೆ' ಎಂಬ ಪಾರಿಭಾಷಿಕ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರಯೋಗಗಳ ಆಧಾರದ ಮೇಲೆ ಈ ಉತ್ತರವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ. ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಚಿಕಿತ್ಸೆ ಫಲಿಸದಿದ್ದಾಗ ದೋಷವನ್ನು ಚಿಕಿತ್ಸೆಯಲ್ಲಿ ಹುಡುಕಬೇಕೊ, ಚಿಕಿತ್ಸೆಗೆ ಬಂದವನಲ್ಲಿ ಹುಡುಕಬೇಕೊ ಎಂಬುದು ಇದರಿಂದಲೇ ನಿರ್ಣಯವಾಗುತ್ತದೆ.

೧

ಆಲ್ಬರ್ಟ್ ಸ್ಟಂಕರ್ಡ್ ಮತ್ತು ಮೇವಿಸ್ ಮೆಕ್‌ಲಾರೆನ್-ಹ್ಯೂಮ್ ಎಂಬ ಅಮೆರಿಕದ ಸಂಶೋಧಕರು ೧೯೫೯ರಲ್ಲಿ ಪ್ರಕಟಿಸಿದ ಲೇಖನದಿಂದ ಚರ್ಚೆಯನ್ನು ಆರಂಭಿಸಬಹುದು. ಪೋಷಣಾ ಚಿಕಿತ್ಸಾಲಯವೊಂದಕ್ಕೆ ಒಬ್ಬರಾದ ಮೇಲೊಬ್ಬರಂತೆ ಬಂದ ೧೦೦ ಜನ ಸ್ಥೂಲಕಾಯರ ವೃತ್ತಾಂತವನ್ನು ಅವರು ಸಂಗ್ರಹಿಸಿದರು. ೨೦ ಪೌಂಡು, ಎಂದರೆ ಸುಮಾರು ೯ ಕಿಲೋಗ್ರಾಂ, ಇಳಿಸಿದವರು ೧೨ ಜನ. ಒಂದು ವರ್ಷದ ಮೇಲೆ ಆ ಇಳಿಕೆಯನ್ನು ಉಳಿಸಿಕೊಂಡಿದ್ದವರು ೬ ಜನ. ಎರಡು ವರ್ಷಗಳ ಮೇಲೆ ೨ ಜನ. ಈ ಲೇಖನದ ಹಿರಿಮೆ ಅದು ಲೆಕ್ಕವಿಟ್ಟ ಕ್ರಮದಲ್ಲಿದೆ. ಅರ್ಧದಲ್ಲಿ ಬಿಟ್ಟುಹೋದವರನ್ನು ಅದು ಲೆಕ್ಕದಿಂದ ತೆಗೆಯಲಿಲ್ಲ. ಅನಂತರ ಬಂದ ಎಷ್ಟೋ ವರದಿಗಳು ಕೊನೆಯವರೆಗೆ ಉಳಿದವರನ್ನು ಮಾತ್ರ ತೂಗಿ ಸಮಾಧಾನಪಟ್ಟವು.

ಇದಕ್ಕೂ ಹಿಂದೆ, ೧೯೪೪-೪೫ರಲ್ಲಿ, ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಅರೆ-ಉಪವಾಸದ ಪ್ರಯೋಗವು ಸ್ಥೌಲ್ಯದ ವಿಷಯದ್ದಲ್ಲವಾದರೂ ಇಲ್ಲಿ ಅತ್ಯಂತ ಪ್ರಸ್ತುತ. ಅದಕ್ಕೆ ಒಳಪಟ್ಟ ೩೬ ಜನ ತರುಣರು ಆರೋಗ್ಯವಂತರು; ಆತ್ಮಸಾಕ್ಷಿಗೆ ಒಪ್ಪದೆಂದು ಯುದ್ಧಸೇವೆಯನ್ನು ನಿರಾಕರಿಸಿ, ಅದಕ್ಕೆ ಬದಲಾಗಿ ಈ ಕಷ್ಟವನ್ನು ತಾವಾಗಿಯೇ ವಹಿಸಿಕೊಂಡವರು. ಇವರಿಗೆ ಮನಸ್ಸು ಗಟ್ಟಿಯಿರಲಿಲ್ಲವೆಂದು ಯಾರೂ ಹೇಳಲಾರರು. ಆರು ತಿಂಗಳ ಕಾಲ ದಿನಕ್ಕೆ ಸುಮಾರು ೧೬೦೦ ಕ್ಯಾಲೊರಿಗಳ ಆಹಾರದಲ್ಲಿದ್ದು, ದೇಹದ ತೂಕದ ಕಾಲುಭಾಗವನ್ನು ಅವರು ಕಳೆದುಕೊಂಡರು. ಆ ವೇಳೆಗೆ ಅವರ ಮಾತು, ಕನಸು, ಓದು ಎಲ್ಲವೂ ಆಹಾರದ ಸುತ್ತಲೇ ತಿರುಗತೊಡಗಿದ್ದವು. ಅಡಿಗೆಯ ಪುಸ್ತಕಗಳನ್ನು ಆಸಕ್ತಿಯಿಂದ ಓದುವವರೂ ಇದ್ದರು. ಉಪವಾಸ ಮುಗಿದ ಮೇಲೆ, ಬೇಕಾದಷ್ಟು ಉಣ್ಣಬಹುದೆಂದಾಗ, ಹೊಟ್ಟೆ ತುಂಬಿದರೂ ತೃಪ್ತಿಯಾಗದ ಸ್ಥಿತಿ ಕೆಲವರಲ್ಲಿ ಬಹುಕಾಲ ಉಳಿಯಿತು. ಸಂಕಲ್ಪವು ಹಸಿವನ್ನು ಸಹಿಸಬಲ್ಲದು, ಹಸಿವನ್ನು ಇಲ್ಲವಾಗಿಸಲಾರದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

೨

೧೯೭೫ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬವರು ನಡೆಸಿದ ಪ್ರಯೋಗವು ಪ್ರಶ್ನೆಗೆ ಹೊಸ ತಿರುವು ಕೊಟ್ಟಿತು. ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಮೊದಲು ಸಿಹಿಹಾಲಿನ ಗಟ್ಟಿ ಪಾನೀಯವನ್ನು ಕೊಟ್ಟು, ಕೆಲವರಿಗೆ ಕೊಡದೆ, ಬಳಿಕ ಎಲ್ಲರಿಗೂ ಐಸ್‌ಕ್ರೀಮಿನ ರುಚಿ ನೋಡಿ ಅಭಿಪ್ರಾಯ ಹೇಳಿರೆಂದು ತಿಳಿಸಲಾಯಿತು. ಊಟದಲ್ಲಿ ಸಾಮಾನ್ಯವಾಗಿ ನಿಗ್ರಹವಿಲ್ಲದವರು ಪಾನೀಯ ಕುಡಿದಿದ್ದರೆ ಕಡಿಮೆ ತಿಂದರು. ಸದಾ ತೂಕದ ಚಿಂತೆಯಲ್ಲಿ ನಿಗ್ರಹದಿಂದಿದ್ದವರು ಪಾನೀಯ ಕುಡಿದ ಮೇಲೆ ಹೆಚ್ಚು ತಿಂದರು. ಏಕಾದಶಿಯ ದಿನ ತಿಳಿಯದೆ ಒಂದು ತುತ್ತು ಬಾಯಿಗೆ ಹಾಕಿಕೊಂಡವನು 'ವ್ರತವಂತೂ ಕೆಟ್ಟಿತು, ಇನ್ನು ಎಷ್ಟು ತಿಂದರೇನು' ಎಂದು ಎಲೆಯ ಮುಂದೆ ಕುಳಿತುಬಿಡುವ ಮನೋಧರ್ಮ ನಮಗೆ ಅಪರಿಚಿತವಲ್ಲ. ಕಟ್ಟು ಬಿಗಿಯಾದಷ್ಟೂ ಅದು ಹರಿದಾಗಿನ ಹರಿವು ದೊಡ್ಡದು. ೧೯೯೧ರಲ್ಲಿ ವೆಸ್ಟನ್‌ಹೋಫರ್ ಎಂಬ ಜರ್ಮನ್ ಸಂಶೋಧಕನು ಬಿಗಿಯಾದ ನಿಗ್ರಹವನ್ನೂ ಹೊಂದಿಕೊಳ್ಳುವ ನಿಗ್ರಹವನ್ನೂ ಬೇರ್ಪಡಿಸಿ, ಮಿತಿಮೀರಿ ತಿನ್ನುವ ಪ್ರವೃತ್ತಿಯು ಮೊದಲನೆಯದರೊಂದಿಗೇ ಹೆಚ್ಚಾಗಿ ಕೂಡಿರುವುದೆಂದು ತೋರಿಸಿದನು. 'ನಿಗ್ರಹ ಹೆಚ್ಚಿದಷ್ಟೂ ಒಳ್ಳೆಯದು' ಎಂಬ ಸರಳ ಭಾವನೆಗೆ ಇಷ್ಟರಿಂದಲೇ ಪೆಟ್ಟು ಬಿದ್ದಂತಾಯಿತು.

ಇಲ್ಲಿ ಕನ್ನಡದಲ್ಲಿ ಕೆಲಸ ಮಾಡುವವರು ಗಮನಿಸಬೇಕಾದ ಸಂಗತಿಯೊಂದಿದೆ. ಸ್ಟಂಕರ್ಡ್ ಮತ್ತು ಮೆಸಿಕ್ ೧೯೮೫ರಲ್ಲಿ ಪ್ರಕಟಿಸಿದ, ೫೧ ಅಂಶಗಳ ಪ್ರಶ್ನಾವಳಿಯು ಆಹಾರವರ್ತನೆಯನ್ನು ಮೂರು ಮುಖಗಳಲ್ಲಿ ಅಳೆಯುತ್ತದೆ: ತಿನ್ನುವುದನ್ನು ಬೇಕೆಂದೇ ತಡೆಹಿಡಿಯುವುದು, ಆ ತಡೆ ಸಡಿಲಿ ತಿನ್ನುವುದು, ಹಸಿವಿನ ಅನುಭವ. ಮೊದಲನೆಯದನ್ನು 'ಸಂಯಮ'ವೆಂದೂ ಎರಡನೆಯದನ್ನು 'ಸ್ವೇಚ್ಛೆ'ಯೆಂದೂ ಅನುವಾದಿಸಿದೆವಾದರೆ ಅಳತೆ ಆರಂಭವಾಗುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ಸಂಯಮ ನಮ್ಮಲ್ಲಿ ಗುಣ, ಸ್ವೇಚ್ಛೆ ದೋಷ. ಉತ್ತರ ಬರೆಯುವವರು ತಮ್ಮ ಊಟವನ್ನು ಬಿಟ್ಟು ತಮ್ಮ ಶೀಲವನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ. ಇನ್ನೊಂದು ತೊಡಕೂ ಉಂಟು. ಬೇಕೆಂದೇ ಸ್ವಲ್ಪ ಸ್ವಲ್ಪವಾಗಿ ಬಡಿಸಿಕೊಳ್ಳುವಿರಾ ಎಂಬಂಥ ಪ್ರಶ್ನೆಯು ತನ್ನ ತಟ್ಟೆಗೆ ತಾನೇ ಹಾಕಿಕೊಳ್ಳುವವನನ್ನು ಉದ್ದೇಶಿಸಿದ್ದು. ತಾಯಿಯೊ ಅತ್ತೆಯೊ ಬಡಿಸುವ ಮನೆಯಲ್ಲಿ, ಬೇಡವೆಂದರೂ ಇನ್ನೊಂದು ಸೌಟು ಎಲೆಗೆ ಬೀಳುವಲ್ಲಿ, ಎಷ್ಟು ಉಣ್ಣಬೇಕೆಂಬುದು ಉಣ್ಣುವವನೊಬ್ಬನ ನಿರ್ಧಾರವಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಂಗಸಿನ ವಿಷಯದಲ್ಲಂತೂ ಆ ಪ್ರಶ್ನೆಗೆ ಅರ್ಥವೇ ಬೇರೆ. ಪ್ರಶ್ನಾವಳಿಯನ್ನು ಭಾಷಾಂತರಿಸಿದ ಮಾತ್ರಕ್ಕೆ ಅದು ನಮ್ಮದಾಗದು.

೩

ಪ್ರೇರಣೆಯನ್ನು ಪ್ರಮಾಣದಿಂದ ಅಳೆಯದೆ ಅದರ ಬಗೆಯನ್ನು ನೋಡಬೇಕೆಂದು ಒತ್ತಿ ಹೇಳಿದವರಲ್ಲಿ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಮುಖ್ಯರು. ಪರರ ಒತ್ತಾಯಕ್ಕಾಗಿ, ನಾಚಿಕೆಗಾಗಿ ಮಾಡುವ ಕೆಲಸಕ್ಕೂ ತನಗೆ ಬೆಲೆಯುಳ್ಳದ್ದೆಂದು ತಾನೇ ಒಪ್ಪಿ ಮಾಡುವ ಕೆಲಸಕ್ಕೂ ಅವರು ಭೇದವೆಣಿಸಿದರು. ಈ ಸಿದ್ಧಾಂತವನ್ನನುಸರಿಸಿ ಜೆಫ್ರಿ ವಿಲಿಯಮ್ಸ್ ಮತ್ತು ಸಂಗಡಿಗರು ೧೯೯೬ರಲ್ಲಿ ೧೨೮ ಜನರ ಅಧ್ಯಯನವನ್ನು ಪ್ರಕಟಿಸಿದರು. ಆರು ತಿಂಗಳ ಕಠಿಣ ಪಥ್ಯದ ಕಾರ್ಯಕ್ರಮದಲ್ಲಿ ಸ್ವಾಯತ್ತ ಪ್ರೇರಣೆಯುಳ್ಳವರು ಹೆಚ್ಚು ಕ್ರಮವಾಗಿ ಹಾಜರಾದರು, ಹೆಚ್ಚು ತೂಕ ಇಳಿಸಿದರು, ೨೩ ತಿಂಗಳ ತನಿಖೆಯಲ್ಲಿಯೂ ಹೆಚ್ಚು ಉಳಿಸಿಕೊಂಡಿದ್ದರು. ಆದರೆ ಇದು ಸಹಸಂಬಂಧವೇ ಹೊರತು ಕಾರಣವಲ್ಲ. ತೂಕ ಇಳಿಯುತ್ತಿರುವವನಿಗೆ ಉತ್ಸಾಹ ಹುಟ್ಟುವುದೂ ಸಹಜ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಇಂಥ ವಿನ್ಯಾಸವು ಖಚಿತವಾಗಿ ಹೇಳಲಾರದು.

ಪೋರ್ಚುಗಲ್ಲಿನಲ್ಲಿ ತೈಷೈರ, ಸಿಲ್ವ ಮೊದಲಾದವರು ೨೩೯ ಮಹಿಳೆಯರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವು ಈ ಕೊರತೆಯನ್ನು ತುಂಬಿತು. ಸ್ವಾಯತ್ತ ಪ್ರೇರಣೆಯನ್ನು ಬೆಳೆಸುವ ಶಿಕ್ಷಣ ಪಡೆದ ಗುಂಪು ಒಂದು ವರ್ಷದಲ್ಲಿ ತೂಕದ ಸುಮಾರು ಶೇಕಡಾ ೭ರಷ್ಟನ್ನು ಇಳಿಸಿತು. ಇನ್ನೊಂದು ಗುಂಪು ಶೇಕಡಾ ೨ಕ್ಕಿಂತ ಕಡಿಮೆ. ಮೂರು ವರ್ಷಗಳ ಕೊನೆಗೆ ಇಳಿಕೆ ಕ್ರಮವಾಗಿ ಶೇಕಡಾ ೪ ಮತ್ತು ೨ರ ಸಮೀಪ ನಿಂತಿತು. ವ್ಯತ್ಯಾಸ ಉಳಿಯಿತು, ವ್ಯಾಯಾಮದಲ್ಲಿ ಹುಟ್ಟಿದ ಒಲವು ಇದಕ್ಕೆ ನೆರವಾಯಿತು. ಇದು ಶ್ಲಾಘ್ಯವಾದ ಫಲ. ಆದರೂ ಗಳಿಸಿದುದರಲ್ಲಿ ಅರ್ಧದಷ್ಟು ಹೋಯಿತೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಪ್ರೇರಣೆಯ ಸಿದ್ಧಾಂತಕ್ಕೆ ಅತ್ಯಂತ ಅನುಕೂಲವಾದ ಪ್ರಯೋಗವೂ ಅದರ ಎಲ್ಲೆಯನ್ನು ತೋರಿಸಿಕೊಡುತ್ತದೆ.

೧೯೯೪ರಲ್ಲಿ ಅಮೆರಿಕದಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಸ್ಥಾಪಿಸಿದ ದಾಖಲೆಯಲ್ಲಿ ೩೦ ಪೌಂಡು ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರು ಮಾತ್ರ ಸೇರುತ್ತಾರೆ. ಇವರ ದಿನಚರಿಯನ್ನು ಆದರ್ಶವೆಂದು ಎತ್ತಿ ಹೇಳುವುದುಂಟು. ಆದರೆ ಅದೇ ದಿನಚರಿಯನ್ನು ನಡೆಸಿಯೂ ತೂಕ ಏರಿದವರಿಗೆ ಆ ಪುಸ್ತಕದಲ್ಲಿ ಸ್ಥಳವಿಲ್ಲ. ದಡ ಸೇರಿದ ದೋಣಿಗಳನ್ನಷ್ಟೆ ನೋಡಿ ಹೊಳೆಯ ಸೆಳವನ್ನು ಅಳೆಯಲಾಗದು.

೪

ಆ ಸೆಳವು ಎಂತಹುದೆಂಬುದನ್ನು ಶರೀರಶಾಸ್ತ್ರವು ತೋರಿಸಿದೆ. ಆಸ್ಟ್ರೇಲಿಯದ ಸುಮಿತ್ರನ್ ಮತ್ತು ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೫೦ ಜನರು ಹತ್ತು ವಾರಗಳ ಪಥ್ಯದಿಂದ ತೂಕ ಇಳಿಸಿದರು. ಪಥ್ಯ ಮುಗಿದು ಒಂದು ವರ್ಷವಾದರೂ ಹಸಿವನ್ನು ಕೆರಳಿಸುವ ಹಾರ್ಮೋನುಗಳು ಏರಿದ ಮಟ್ಟದಲ್ಲಿಯೂ ತೃಪ್ತಿ ತರುವಂಥವು ಇಳಿದ ಮಟ್ಟದಲ್ಲಿಯೂ ಇದ್ದವು. ಹಸಿವಿನ ಅನುಭವವೂ ಮೊದಲಿಗಿಂತ ತೀವ್ರವಾಗಿತ್ತು. ೨೦೨೧ರಲ್ಲಿ ಪ್ರಕಟವಾದ, ೧೯೬೧ ಜನರು ಭಾಗವಹಿಸಿದ ಸೆಮಾಗ್ಲುಟೈಡ್ ಔಷಧಿಯ ಪರೀಕ್ಷೆಯಲ್ಲಿ ಎರಡೂ ಗುಂಪುಗಳಿಗೆ ಆಹಾರ-ವ್ಯಾಯಾಮಗಳ ಸಲಹೆ ಒಂದೇ ಆಗಿತ್ತು. ೬೮ ವಾರಗಳಲ್ಲಿ ಔಷಧಿ ಪಡೆದವರ ತೂಕ ಶೇಕಡಾ ೧೪.೯ರಷ್ಟು ಇಳಿದರೆ ಪಡೆಯದವರದು ಶೇಕಡಾ ೨.೪ರಷ್ಟು ಇಳಿಯಿತು. ಚೀಟಿ ಎತ್ತಿದಂತೆ ಹಂಚಿದ ಗುಂಪುಗಳಲ್ಲಿ ಛಲವಂತರೂ ಚಂಚಲರೂ ಎರಡೂ ಕಡೆ ಸಮನಾಗಿಯೇ ಇದ್ದಿರಬೇಕು. ಔಷಧಿಯನ್ನೂ ಸಲಹೆಯನ್ನೂ ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ ಕಳೆದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತೆಂದು ೨೦೨೨ರ ವರದಿ ತಿಳಿಸುತ್ತದೆ. ಆ ಒಂದು ವರ್ಷದಲ್ಲಿ ಅಷ್ಟು ಜನರ ಶೀಲ ಒಮ್ಮೆಲೇ ಕೆಟ್ಟಿತೆಂದು ಹೇಳುವುದು ಹಾಸ್ಯಾಸ್ಪದ. ಹಸಿವು ಮರಳಿತು, ಅದರೊಡನೆ ತೂಕವೂ ಮರಳಿತು.

ಹಾಗೆಂದು ಪ್ರೇರಣೆ ನಿರರ್ಥಕವೆಂದು ನಾವು ಹೇಳುವುದಿಲ್ಲ. ಚಿಕಿತ್ಸೆಗೆ ಬರುವುದು, ಬಿಡದೆ ಬರುವುದು, ವ್ಯಾಯಾಮವನ್ನು ಬದುಕಿನ ಅಂಗವಾಗಿ ಮಾಡಿಕೊಳ್ಳುವುದು ಇವೆಲ್ಲವೂ ಅದನ್ನು ಅವಲಂಬಿಸಿವೆ. ನಮ್ಮ ಆಕ್ಷೇಪ ಇಷ್ಟೆ: ಪ್ರೇರಣೆಯನ್ನು ಆರಂಭದಲ್ಲಿ ಒಮ್ಮೆ ಅಳೆದು, ಅದು ಮನುಷ್ಯನ ಸ್ಥಿರಗುಣವೆಂದು ಭಾವಿಸಿ, ಮುಂದಿನ ಸೋಲನ್ನೆಲ್ಲ ಅದಕ್ಕೆ ಕಟ್ಟುವುದು ನ್ಯಾಯವಲ್ಲ. ಇಬ್ಬರಲ್ಲಿ ಸಂಕಲ್ಪ ಸಮನಾಗಿದ್ದರೂ ಎದುರಿಸಬೇಕಾದ ಹಸಿವು ಸಮನಲ್ಲದಿದ್ದರೆ ಫಲವೂ ಸಮನಾಗಿರದು.

ಆದಕಾರಣ ಈ ವಿಷಯದಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಕೆಲವು ಎಚ್ಚರಗಳನ್ನು ವಹಿಸುವುದು ಲೇಸು. ಪ್ರೇರಣೆಯೊಂದಿಗೆ ಹಸಿವನ್ನೂ ಅಳೆಯಬೇಕು. ಎರಡನ್ನೂ ಮತ್ತೆ ಮತ್ತೆ ಅಳೆಯಬೇಕು. ಬಿಟ್ಟುಹೋದವರನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಕೆಲವೇ ತಿಂಗಳ ಫಲವನ್ನು ದೀರ್ಘಕಾಲದ ಫಲವೆಂದು ಕರೆಯಬಾರದು. ಪ್ರಶ್ನಾವಳಿಯನ್ನು ಬಳಸುವ ಮುನ್ನ ನಮ್ಮ ಮನೆಗಳಲ್ಲಿ ಯಾರು ಬಡಿಸುತ್ತಾರೆ, ಯಾರು ಕೊನೆಯಲ್ಲಿ ಉಣ್ಣುತ್ತಾರೆ ಎಂಬುದನ್ನು ವಿಚಾರಿಸಬೇಕು. ಅಧ್ಯಾಪಕರಾದ ನಮಗೂ ಇದರಲ್ಲಿ ಪಾಠವಿದೆ. ತರಗತಿಯಲ್ಲಿ ಸ್ಥೂಲಕಾಯನಾದ ಹುಡುಗನನ್ನು ಕಂಡು 'ಇವನು ಸೋಮಾರಿ' ಎಂದು ಮನಸ್ಸಿನಲ್ಲಿಯೇ ಬರೆದುಕೊಳ್ಳುವ ಮೊದಲು, ಆ ತೀರ್ಮಾನಕ್ಕೆ ಮೇಲೆ ಕಂಡ ಪ್ರಯೋಗಗಳಲ್ಲಿ ಯಾವುದೂ ಆಧಾರ ಕೊಡುವುದಿಲ್ಲವೆಂಬುದನ್ನು ನೆನೆಯುವುದು ಉಚಿತ.