ಕಟು ಯಾರ ನಾಲಿಗೆಯದು?

ದಲಿತ ಕೃತಿಗಳ ಮೇಲಿನ ವಿಮರ್ಶೆ ಓದುವಾಗ 'ಕಟು' ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಕಟುವಾಸ್ತವ, ಕಟುಭಾಷೆ, ಕಟುದನಿ. ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಂತೂ ಲೇಖಕ ದಲಿತ ಅಂದಮೇಲೆ ಮುಗೀತು, 'ಕಟುವಾಸ್ತವವನ್ನು ಚಿತ್ರಿಸಿದ್ದಾರೆ' ಎಂಬ ಸಾಲು ಇರಲೇಬೇಕು. ಹುಡುಗರನ್ನು ಬೈದು ಫಲವಿಲ್ಲ. ಪದವನ್ನು ಅವರ ಕೈಗಿತ್ತದ್ದು ನಮ್ಮ ವಿಮರ್ಶೆಯೇ.

ಕಟು ಎಂಬುದು ರುಚಿಯ ಮಾತು. ಆಯುರ್ವೇದದ ಆರು ರಸಗಳಲ್ಲಿ ಕಟು ಅಂದರೆ ಖಾರ. ಶುಂಠಿ, ಮೆಣಸು, ಹಿಪ್ಪಲಿ ಸೇರಿದರೆ ತ್ರಿಕಟು. ಕಹಿಗೆ ಅಲ್ಲಿ ತಿಕ್ತ ಎಂಬ ಬೇರೆ ಹೆಸರೇ ಇದೆ. ರುಚಿ ಹೇಳುವವನು ಯಾರು? ಉಣ್ಣುವವನು. ಪದ್ಯವೊಂದನ್ನು ಕಟು ಎನ್ನುವ ವಿಮರ್ಶಕ ತನ್ನ ನಾಲಿಗೆ ಉರಿದದ್ದನ್ನು ಹೇಳುತ್ತಿರುತ್ತಾನೆ. ಬರೆಯುವಾಗ ಮಾತ್ರ ಅದನ್ನು ಪದ್ಯದ ಗುಣವೆಂದು ಬರೆಯುತ್ತಾನೆ.

ಕನ್ನಡದಲ್ಲಿ 'ಕಡು' ಎಂದೂ ಇದೆ. ಕಡುಬಡವ, ಕಡುಗೋಪ, ಕಡುಗಲಿ, ಕಡುಚೆಲುವೆ. (ಎರಡರ ಬೇರೂ ಒಂದೇ, ದ್ರಾವಿಡದ್ದೇ ಸಂಸ್ಕೃತಕ್ಕೆ ಹೋಯಿತು ಎನ್ನುವ ಭಾಷಾಶಾಸ್ತ್ರಜ್ಞರಿದ್ದಾರೆ. ಇರಲಿ, ಬಳಕೆಯಲ್ಲಿ ದಾರಿ ಬೇರೆಯಾಗಿದೆ.) ಈ ಕಡುವಿಗೆ ಸ್ವಂತ ರುಚಿಯಿಲ್ಲ. ಮುಂದಿರುವ ಪದವನ್ನು ಹಿಡಿದು ಅದರ ತುದಿ ಮುಟ್ಟಿಸುತ್ತದೆ, ಅದು ಬಡತನವಿರಲಿ, ಚೆಲುವಿರಲಿ. ಕಡುಬಡವ ಎಂದಾಗ ತೀವ್ರತೆ ಬದುಕಿನ ಮೇಲೆ ಕೂರುತ್ತದೆ. ಕಟುಭಾಷೆ ಎಂದಾಗ ಅದು ಹೇಳಿದವನ ಬಾಯಿಗೆ ಅಂಟುತ್ತದೆ.

ಇದು ಬರೀ ಪದಗಳ ಜಗಳವಲ್ಲ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಎಂಬ ಮಾತಾಡಿದರು. ಆ ಒಂದು ಪದ ಊರಿಗೆಲ್ಲ ಕಟುವಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಹೊಡೆತಕ್ಕೆ ನಾವಿಟ್ಟ ಹೆಸರೇನು? 'ಬೂಸಾ ಪ್ರಕರಣ'. ಮಾತು ಕಟು, ಏಟು ಪ್ರಕರಣ!

ಹಾಗಂತ ದಲಿತ ಕಾವ್ಯದಲ್ಲಿ ಬಿರುಸಿಲ್ಲ ಎನ್ನುತ್ತಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಮೆತ್ತಗಿನ ಪುಸ್ತಕವಲ್ಲ. ಆದರೆ ಅದರ ಬಿರುಸಿಗೆ ಲಯವಿದೆ, ಮೆರವಣಿಗೆಯಲ್ಲಿ ಹಾಡಿಸಿಕೊಳ್ಳುವ ಗುಣವಿದೆ. ಕಟು ಎಂದು ಬರೆದು ಪೆನ್ನು ಮುಚ್ಚಿದವನಿಗೆ ಅದನ್ನು ವಿವರಿಸುವ ಕೆಲಸವೇ ತಪ್ಪಿತಲ್ಲ!

ದೇವನೂರ ಮಹಾದೇವರ 'ಒಡಲಾಳ'ಕ್ಕೂ ಇದೇ ಗತಿ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುವ ಭಾಗ ನೋಡಿ. ಹಸಿವು ಅಲ್ಲಿ ಕಡುಹಸಿವೇ. ಆದರೆ ಆ ರಾತ್ರಿ ಹಬ್ಬವೂ ಹೌದು; ಮಾತು, ನಗು, ಸಿಪ್ಪೆ ಬಿಡಿಸುವ ಕೈಗಳ ಆತುರ. ಬೆಳಗಾದರೆ ಪೊಲೀಸರು ಬರುತ್ತಾರೆ. ಸಾಕವ್ವನ ಕಳೆದ ಹುಂಜದ ಚಿಂತೆ ಬೇರೆ ಇದೆ. ಇಷ್ಟನ್ನೂ 'ಕಟುವಾಸ್ತವ' ಎಂಬ ಒಂದೇ ಚೀಲಕ್ಕೆ ತುಂಬುವ ವಿಮರ್ಶಕನಿಗೆ ಪೊಲೀಸರಷ್ಟೇ ಕಾಣುತ್ತಾರೆ, ಕಡಲೆಕಾಯಿ ಕಾಣುವುದಿಲ್ಲ.