ಗರ್ಭಚಿಹ್ನೆಗಳ ವರ್ಣನೆ: ನೋಟ ಮತ್ತು ಅನುಭವ

ಬಸಿರಿನ ಮೊದಲ ತಿಂಗಳುಗಳಲ್ಲಿ ಹೆಣ್ಣಿನ ಮೈಯಲ್ಲಾಗುವ ಬದಲಾವಣೆಗಳನ್ನು ನಮ್ಮ ಪ್ರಾಚೀನರು ಕಡೆಗಣಿಸಿಲ್ಲ. ವೈದ್ಯರು ಅವನ್ನು ಪಟ್ಟಿ ಮಾಡಿದರು, ಕವಿಗಳು ವರ್ಣಿಸಿದರು. ಆದರೆ ತನ್ನ ರೂಪ ತನ್ನ ಕಣ್ಣೆದುರಿಗೇ ಬೇರೆಯಾಗುತ್ತಿರುವುದನ್ನು ಕಂಡ ಹೆಣ್ಣಿಗೆ ಏನನ್ನಿಸಿತು ಎಂಬುದಕ್ಕೆ ಈ ವರ್ಣನೆಗಳಲ್ಲಿ ಎಡೆಯಿದೆಯೇ ಎಂಬ ಪ್ರಶ್ನೆ ಉಳಿದಿದೆ. ಅದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಚರಕಸಂಹಿತೆಯ ಶಾರೀರಸ್ಥಾನವು ಮುಟ್ಟು ನಿಲ್ಲುವುದು, ಬಾಯಲ್ಲಿ ನೀರೂರುವುದು, ವಾಂತಿ, ಅರುಚಿ, ಹುಳಿಯ ಬಯಕೆ, ತುಟಿ ಮತ್ತು ಸ್ತನಾಗ್ರಗಳು ಕಪ್ಪಾಗುವುದು ಮುಂತಾದವನ್ನು ಗರ್ಭಲಕ್ಷಣಗಳೆಂದು ಹೇಳುತ್ತದೆ. ಕಾಳಿದಾಸನ ರಘುವಂಶದ 3ನೆಯ ಸರ್ಗದಲ್ಲಿ ಇವೇ ಲಕ್ಷಣಗಳು ಅಲಂಕಾರಗಳಾಗುತ್ತವೆ. ಸುದಕ್ಷಿಣೆಯ ಮೈ ಬಳಲಿದೆ, ಆಭರಣಗಳು ಕಡಿಮೆಯಾಗಿವೆ, ಮುಖ ಬಿಳಿಚಿದೆ. ಮಣ್ಣು ತಿಂದ ಅವಳ ಮುಖದ ವಾಸನೆಯನ್ನು ದಿಲೀಪ ಆಘ್ರಾಣಿಸುತ್ತಾನೆ. ವರ್ಣನೆ ಸೂಕ್ಷ್ಮವಾಗಿದೆ, ಪ್ರೀತಿಪೂರ್ಣವೂ ಆಗಿದೆ. ಆದರೂ ನೋಡುವವನು ರಾಜ. ರಾಣಿ ನೋಟಕ್ಕೆ ವಸ್ತು.

ಜೈನ ಪರಂಪರೆಯಲ್ಲಿ ಈ ವಿಷಯ ಇನ್ನೊಂದು ತಿರುವನ್ನು ಪಡೆಯುತ್ತದೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣಕ್ಕೆ ಆಕರವಾದ ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿ, ತೀರ್ಥಂಕರನನ್ನು ಹೊತ್ತ ಮರುದೇವಿಯ ಉದರದಲ್ಲಿ ವಿಕಾರವಿಲ್ಲ, ಸ್ತನಾಗ್ರ ಕಪ್ಪಾಗಲಿಲ್ಲ, ಮುಖ ಬಿಳಿಚಲಿಲ್ಲ. ಆದರೂ ಗರ್ಭ ಬೆಳೆಯಿತು. ಮಹಿಮೆಯನ್ನು ಹೇಳಲು ಬಂದ ಈ ನಿಷೇಧವಾಕ್ಯಗಳು ಅರಿವಿಲ್ಲದೆಯೇ ಇನ್ನೊಂದನ್ನೂ ಹೇಳುತ್ತವೆ: ಬದಲಾಗದ ಮೈಯೇ ಆದರ್ಶ, ಬದಲಾಗುವ ಮೈ ಒಂದು ಕೊರತೆ. ಸಾಮಾನ್ಯ ಬಸುರಿಯ ಮುಜುಗರಕ್ಕೆ ಮೂಲವಾದ ಭಾವನೆ ಇಲ್ಲಿ ದೈವಿಕತೆಯ ಮಾತಿನಲ್ಲಿ ಅಡಗಿದೆ.

ಇದಕ್ಕೆ ಕಾವ್ಯಶಾಸ್ತ್ರವೂ ಒಂದು ಕಾರಣ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಕುಮಾರೋದಯಕ್ಕೆ ಸ್ಥಾನವುಂಟು, ಬಸಿರಿಗೆ ಪ್ರತ್ಯೇಕ ಸ್ಥಾನವಿಲ್ಲ. ಹೀಗಾಗಿ ಗರ್ಭವರ್ಣನೆಯು ಹುಟ್ಟಲಿರುವ ಮಗನ ಕಡೆಗೇ ಮುಖ ಮಾಡಿ ನಿಲ್ಲುತ್ತದೆ.

ಜನಪದದ ದಾರಿ ಬೇರೆ. ತಿಂಗಳಿಗೊಂದರಂತೆ ಬಯಕೆಗಳನ್ನು ಎಣಿಸುವ ಹಾಡುಗಳಲ್ಲಿ ಬಸುರಿಯ ನಾಲಗೆಗೆ ಅಧಿಕಾರ ದೊರೆಯುತ್ತದೆ. ತನಗೇನು ಬೇಕೆಂಬುದನ್ನು ಅವಳು ಸಂಕೋಚವಿಲ್ಲದೆ ಹೇಳಬಹುದು. ಉತ್ತರ ಕರ್ನಾಟಕದ ‘ಕುಬಸ’ದ ಆಚರಣೆಯೂ ಗಮನಾರ್ಹ. ಕುಬಸವೆಂದರೆ ಕುಪ್ಪಸ. ತುಂಬುತ್ತಿರುವ ಮೈಗೆ ಹೊಸ ಕುಪ್ಪಸ ತೊಡಿಸುವ ಈ ಸಂಪ್ರದಾಯವನ್ನು, ಬದಲಾದ ದೇಹವನ್ನು ಹೆಂಗಸರ ಬಳಗವು ಒಪ್ಪಿಕೊಳ್ಳುವ ಕ್ರಮವೆಂದು ಓದಬಹುದು. ಆದರೆ ಅದು ನಡೆಯುವುದು ಹೊಟ್ಟೆ ಕಾಣಿಸಿಕೊಂಡ ಮೇಲೆ. ಅದಕ್ಕೆ ಮುಂಚಿನ ವಾಕರಿಕೆ, ಬಿಗಿಯಾದ ಎದೆ, ಮುಖದ ಬಂಗು, ಯಾರಿಗೂ ಹೇಳಲಾಗದ ಅಂಜಿಕೆಗಳಿಗೆ ಆಚರಣೆಯ ಆಸರೆ ಇಲ್ಲ.

ಅದೇ ಚಿಹ್ನೆಗಳು ಸಾಕ್ಷ್ಯವಾಗಿಯೂ ಬಳಕೆಯಾಗಬಲ್ಲವು ಎಂಬುದಕ್ಕೆ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ನಿದರ್ಶನ. ವಿಧವೆ ಯಮುನೆಯ ಬಸಿರನ್ನು ಅಗ್ರಹಾರವು ಅಪರಾಧವೆಂದು ಓದುತ್ತದೆ. ಕತೆಯನ್ನು ನಾವು ಕಾಣುವುದು ಅರೆತಿಳಿವಿನ ಬಾಲಕನೊಬ್ಬನ ಕಣ್ಣಿನಿಂದ. ಆ ಮುಗ್ಧ ನೋಟದಿಂದಾಗಿ ಊರಿನ ಕ್ರೌರ್ಯ ಬಯಲಾಗುತ್ತದೆ. ಯಮುನೆಯ ಒಳಗು ಮಾತ್ರ ಮುಚ್ಚಿಯೇ ಉಳಿಯುತ್ತದೆ. ತ್ರಿವೇಣಿಯವರ ‘ಶರಪಂಜರ’ ಹೆರಿಗೆಯ ನಂತರದ ಮನೋವ್ಯಥೆಯನ್ನು ಕಾದಂಬರಿಯ ಕೇಂದ್ರಕ್ಕೆ ತಂದು ಮುಖ್ಯವಾದ ಬಾಗಿಲೊಂದನ್ನು ತೆರೆಯಿತು. ಆದರೆ ಅದರ ಕಾಳಜಿ ಹೆರಿಗೆಯ ಆಚೆಯದು.

ರಾಜನ ಸಂತೋಷ, ಪುರಾಣದ ಮಹಿಮೆ, ಊರಿನ ಅನುಮಾನ ಇವು ಮೂರೂ ಒಂದೇ ಮೈಯನ್ನು ಹೊರಗಿನಿಂದ ಓದಿದ ಬಗೆಗಳು. ನಮ್ಮ ವಿಮರ್ಶೆಯೂ ಈ ಭಾಗಗಳನ್ನು ಬರಿಯ ವರ್ಣನಾಕೌಶಲವೆಂದು ಬಗೆದು ಮುಂದೆ ಸಾಗಿದರೆ, ಆ ಓದನ್ನೇ ಮುಂದುವರಿಸಿದಂತಾಗುತ್ತದೆ. ಆಯುರ್ವೇದವು ಬಸುರಿಯನ್ನು ಎರಡು ಹೃದಯದವಳು ಎಂದು ಕರೆಯಿತು. ಅವುಗಳಲ್ಲಿ ಹುಟ್ಟಲಿರುವ ಕೂಸಿನ ಹೃದಯದ ಬಯಕೆಯನ್ನು ಪರಂಪರೆ ಶ್ರದ್ಧೆಯಿಂದ ಆಲಿಸಿದೆ. ತಾಯಿಯ ಹೃದಯ ತನ್ನ ಬದಲಾದ ರೂಪದ ಬಗ್ಗೆ ನುಡಿದುದನ್ನು ಹುಡುಕುವ ಕೆಲಸ ಬಾಕಿಯಿದೆ. ಅದಕ್ಕೆ ಬಯಕೆಯ ಹಾಡುಗಳನ್ನೂ ಮಹಿಳೆಯರ ಆತ್ಮಕಥನಗಳನ್ನೂ ಮಹಾಕಾವ್ಯಗಳ ಪಕ್ಕದಲ್ಲಿಟ್ಟು ಓದಬೇಕಾಗಿದೆ.